ಬೆಟ್ಟ ಹತ್ತಿದ ಖಾಲಿ ಕುರ್ಚಿ

ಕುರ್ಚಿ ಇರುವುದು ಕೂರುವುದಕ್ಕೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಆ ನಂಬಿಕೆಯ ಮೇಲೆಯೇ ನನ್ನ ಕಸುಬನ್ನೂ ಕಟ್ಟಿಕೊಂಡಿದ್ದೆ. ಮನುಷ್ಯನಿಗೆ ಕಾಲು ನೋಯುತ್ತದೆ, ಎದುರಿಗೆ ಕುರ್ಚಿ ಇದೆ, ಅವನು ಕೂರುತ್ತಾನೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ? ಏನಿದೆ ಎಂದು ತಿಳಿಯಲು ನಾನು ಹಿಂದೂಪುರದಿಂದ ಹೊರಟು, ಸಮುದ್ರ ದಾಟಿ, ರಾವಣನ ಊರಿಗೆ ಹೋಗಿ, ಅಲ್ಲೊಂದು ಬೆಟ್ಟಕ್ಕೆ ಖಾಲಿ ಕುರ್ಚಿಯನ್ನು ತಳ್ಳಿಕೊಂಡು ಹತ್ತಬೇಕಾಯಿತು. ಅಲ್ಲಿಂದ ಬಂದ ಮೇಲೆ ನನಗೆ ಏನು ಕಂಡರೂ ಸುಸ್ತು. ಮದುವೆ ಮನೆಯಲ್ಲಿ ಸಾಲಾಗಿ ಹಾಕಿದ ಕುರ್ಚಿಗಳನ್ನು ಕಂಡರಂತೂ ಅಕ್ಷತೆ ಹಾಕುವ ಮೊದಲೇ ಮನೆಗೆ ಹೋಗಿ ಮಲಗಿಬಿಡೋಣ ಅನ್ನಿಸುತ್ತದೆ.

ನನ್ನ ಕಸುಬು ಏನೆಂದು ಮೊದಲೇ ಹೇಳಿಬಿಡುತ್ತೇನೆ. ಹಿಂದೂಪುರದಲ್ಲಿ ಹುಣಸೆಹಣ್ಣಿನ ವ್ಯಾಪಾರ ನಡೆಯುವ ಬೀದಿಯ ತುದಿಗೆ, ಚಪ್ಪಲಿ ಅಂಗಡಿಯೊಂದರ ಮೇಲೆ ನನ್ನದೊಂದು ಟ್ರಾವೆಲ್ಸ್ ಇದೆ. ಮೊದಲು ಕಾಶಿ, ರಾಮೇಶ್ವರ, ಶ್ರೀಶೈಲ ಎಂದು ಬಸ್ಸು ಹೊರಡಿಸುತ್ತಿದ್ದೆ. ಕಾಲ ಸರಿಯಿತು, ನನ್ನ ಗಿರಾಕಿಗಳೆಲ್ಲ ನನ್ನ ಜೊತೆಗೇ ಮುದುಕರಾದರು. ಒಬ್ಬರಿಗೆ ಮಂಡಿ, ಒಬ್ಬರಿಗೆ ಸೊಂಟ, ಒಬ್ಬರಿಗೆ ಹಿಮ್ಮಡಿ. ಬಿಟ್ಟುಬಿಡೋಣವೆಂದರೆ ಬೇರೆ ಗಿರಾಕಿಗಳಿಲ್ಲ. ಹಾಗಾಗಿ ನಾನು ನಡೆಯಲಾಗದವರಿಗೆ ಊರು ತೋರಿಸುವವನಾದೆ. ನಡೆಯಲಾಗದವರಿಗಾಗಿ ಇರುವ ನನ್ನ ಆಫೀಸಿಗೆ ಬರಲು ಏಣಿಯಂಥ ಕಡಿದಾದ ಮೆಟ್ಟಿಲು ಹತ್ತಬೇಕು ಎಂಬುದನ್ನು ನನ್ನ ಹೆಂಡತಿ ನಾಗವೇಣಿ ಆಗಾಗ ನೆನಪಿಸುತ್ತಿರುತ್ತಾಳೆ. ಗಿರಾಕಿಗಳು ಹತ್ತುವುದಿಲ್ಲ, ಬೀದಿಯಲ್ಲಿ ನಿಂತು "ಮಲ್ಲಣ್ಣೋ!" ಎಂದು ಕೂಗುತ್ತಾರೆ. ನಾನು ಇಳಿದು ಬಂದು ಚಪ್ಪಲಿ ಅಂಗಡಿಯ ಬೆಂಚಿನ ಮೇಲೆ ಕೂತು ಮಾತಾಡುತ್ತೇನೆ.

ಈಚೆಗೆ ಎಲ್ಲರಿಗೂ ಹಡಗಿನ ಹುಚ್ಚು ಹಿಡಿದಿದೆ. ಚೆನ್ನೈನಿಂದ ಹೊರಟು ಲಂಕೆಯ ಒಂದೆರಡು ಬಂದರು ನೋಡಿಕೊಂಡು ವಾಪಸು ಬರುವ ಪ್ರವಾಸಿ ಹಡಗುಗಳಿವೆ. ಕಾಲು ನೋಯುವವರಿಗೆ ಇದಕ್ಕಿಂತ ಒಳ್ಳೆಯ ಯಾತ್ರೆ ಇನ್ನಿಲ್ಲವೆಂದು ನಾನೂ ಅಂದುಕೊಂಡಿದ್ದೆ. ನೀವು ಮಂಚದ ಮೇಲೆ ಮಲಗಿರುತ್ತೀರಿ, ಮಂಚವೇ ಲಂಕೆಗೆ ಹೋಗುತ್ತದೆ. ಕಷ್ಟ ಇರುವುದು ಬಂದರಿನಲ್ಲಿ. ಹಡಗು ಕಟ್ಟೆಗೇ ಬಂದು ಆತು ನಿಲ್ಲುತ್ತದೋ, ನಡುನೀರಿನಲ್ಲಿ ನಿಂತು ಪುಟ್ಟ ದೋಣಿಗಳಲ್ಲಿ ಜನರನ್ನು ದಡಕ್ಕೆ ಕಳಿಸುತ್ತದೋ ಎಂಬುದನ್ನು ಮೊದಲು ವಿಚಾರಿಸಬೇಕು. ಅಲುಗಾಡುವ ದೋಣಿಗೆ ಮಂಡಿ ನೋವಿನವರನ್ನು ಇಳಿಸುವುದೆಂದರೆ ಅದೊಂದು ಪ್ರತ್ಯೇಕ ಯಾತ್ರೆ. ಆಮೇಲೆ ವ್ಯಾನಿನ ಮೆಟ್ಟಿಲು ಎಷ್ಟು ಎತ್ತರ, ಕೂರುವಂಥ ಕಕ್ಕಸು ಎಲ್ಲಿದೆ, ನೆರಳು ಎಲ್ಲಿದೆ, ಗುಡಿಯಲ್ಲಿ ಚಪ್ಪಲಿ ಎಲ್ಲಿ ಬಿಡಬೇಕು, ಬಿಟ್ಟ ಮೇಲೆ ಕಾದ ಕಲ್ಲಿನ ಮೇಲೆ ಎಷ್ಟು ದೂರ ನಡೆಯಬೇಕು. ಹಡಗಿನವರು ತಾವೇ ಬಸ್ಸು ಮಾಡಿ ತೋರಿಸುವ ಟೂರುಗಳೂ ಇವೆ, ಆದರೆ ಅವು ಓಡಾಡುವವರಿಗೆ. ಹಾಗಾಗಿ ಬಂದರಿನ ಸುತ್ತಾಟವನ್ನು ನಾನೇ ಫೋನಿನ ಮೇಲೆ ಗೊತ್ತು ಮಾಡುತ್ತೇನೆ. ಎಲ್ಲಿಗೆ ಫೋನು ಮಾಡಿ ಎಷ್ಟು ನಡೆಯಬೇಕು ಎಂದು ಕೇಳಿದರೂ ಉತ್ತರ ಒಂದೇ. ನಮ್ಮ ಕಡೆಯವರು "ಇಲ್ಲೇ ನಾಲ್ಕು ಹೆಜ್ಜೆ ಕಣಣ್ಣ" ಅನ್ನುತ್ತಾರೆ, ತೆಲುಗಿನವರು "ಇಕ್ಕಡೇ ಅಣ್ಣಾ, ದಗ್ಗರೇ" ಅನ್ನುತ್ತಾರೆ, ತಮಿಳರು "ಕೊಂಜ ದೂರಂ ದಾನ್ ಸಾರ್" ಅನ್ನುತ್ತಾರೆ. ಈ ಮಾತನ್ನು ನಂಬಿ ಹೋದವರಲ್ಲಿ ನಾನು ಕಂಡಂತೆ ಯಾರೂ ನಗುನಗುತ್ತಾ ಹಿಂತಿರುಗಿಲ್ಲ.

ಊರಿನವರು ಸುಳ್ಳು ಹೇಳುವುದು ದೂರದ ವಿಷಯದಲ್ಲಿ. ಗಿರಾಕಿಗಳು ಸುಳ್ಳು ಹೇಳುವುದು ಕಾಲಿನ ವಿಷಯದಲ್ಲಿ. ಹೊರಡುವ ಮೊದಲು ನಾನು ಪ್ರತಿಯೊಬ್ಬರನ್ನೂ "ಮಂಡಿ ನೋವು ಏನಾದರೂ ಇದೆಯಾ?" ಎಂದು ಕೇಳುತ್ತೇನೆ. ಒಬ್ಬರಾದರೂ ಹೂಂ ಅನ್ನಬೇಕಲ್ಲ! "ನಂಗೇನಾಗದೆ? ಗುಂಡುಕಲ್ಲಿದ್ದಂಗಿದೀನಿ" ಅನ್ನುತ್ತಾರೆ. ಯಾತ್ರೆಗೆ ಹೊರಡುವಾಗ ರೋಗದ ಮಾತು ಆಡಬಾರದಂತೆ. ಚಿಲಮತ್ತೂರಿನ ಒಬ್ಬ ನಿವೃತ್ತ ಮೇಷ್ಟರು ಹೀಗೆಯೇ ಗುಂಡುಕಲ್ಲಿನಂತೆ ನನ್ನ ಜೊತೆ ಕಾಶಿಗೆ ಬಂದಿದ್ದರು. ಘಾಟಿನ ಮೆಟ್ಟಿಲನ್ನು ಚೆನ್ನಾಗಿಯೇ ಇಳಿದರು, ಮುಳುಗಿ ಎದ್ದರು, ಹತ್ತುವುದಕ್ಕೆ ಮಾತ್ರ ಆಗಲಿಲ್ಲ. ದೋಣಿಯಲ್ಲಿ ಕೂರಿಸಿಕೊಂಡು ಮೆಟ್ಟಿಲು ಕಡಿಮೆ ಇರುವ ಘಾಟು ಹುಡುಕಿಕೊಂಡು ಹೋದೆವು. ಕಾಶಿಯಲ್ಲಿ ಅಂಥ ಘಾಟು ಹುಡುಕುವವನಷ್ಟು ದಡ್ಡ ಬೇರೊಬ್ಬನಿಲ್ಲ. ಕೊನೆಗೆ ನಾಲ್ಕು ಜನ ಎತ್ತಿಕೊಂಡು ಹತ್ತಿದರು. ಮೇಲೆ ಬಂದ ಕೂಡಲೇ ಮೇಷ್ಟರು ಪಂಚೆ ಸರಿಮಾಡಿಕೊಂಡು "ಸ್ವಲ್ಪ ಜೋಮು ಹಿಡಿದಿತ್ತು ಅಷ್ಟೇ" ಎಂದರು.

ಇಷ್ಟೆಲ್ಲ ಅನುಭವವಿದ್ದ ನನಗೆ ಕಲ್ಯಾಣದುರ್ಗದಿಂದ ರುದ್ರಪ್ಪನ ಫೋನು ಬಂತು. ರುದ್ರಪ್ಪನಿಗೆ ಅಲ್ಲಿ ಕಡಲೆಕಾಯಿ ಎಣ್ಣೆಯ ಮಿಲ್ಲಿದೆ. ಅವನ ಹೆಂಡತಿ ಮಂಗಳಮ್ಮ ಕಂಬದೂರಿನ ಕಡೆಯವಳು. ಅವಳು ಚಿಕ್ಕವಳಿದ್ದಾಗ ಅವಳ ತಾತ ಲಂಕೆಯ ಈಶ್ವರನ ಕತೆ ಹೇಳುತ್ತಿದ್ದನಂತೆ. ರಾವಣ ದೊಡ್ಡ ಶಿವಭಕ್ತ, ಸಮುದ್ರದ ಅಂಚಿನ ಬೆಟ್ಟವನ್ನೇ ಕತ್ತಿಯಿಂದ ಸೀಳಿದ, ಆ ಸೀಳಿನ ಪಕ್ಕದಲ್ಲಿ ಈಗಲೂ ಈಶ್ವರ ಕೂತಿದ್ದಾನೆ ಎಂದು. ಆ ಈಶ್ವರನನ್ನು ಒಂದು ಸಲ ನೋಡಬೇಕೆಂದು ಮಂಗಳಮ್ಮನಿಗೆ ಮದುವೆಗೆ ಮೊದಲಿನಿಂದಲೂ ಆಸೆ. ಈಗ ಮಂಡಿ ಸವೆದುಹೋಗಿವೆ, ಇನ್ನು ಒಂದೆರಡು ವರ್ಷ ತಡೆದರೆ ಮನೆಯ ಹೊಸಿಲು ದಾಟುವುದೂ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. "ನಮ್ಮೋಳನ್ನ ಆ ಈಶ್ವರನ್ ತಾವ ಕರ್ಕಂಡೋಗಿ ಬಂದ್ಬುಡು ಮಲ್ಲಣ್ಣ. ಅಮ್ಮನೂ ಬತ್ತೀನಿ ಅಂತವ್ರೆ. ನಂಗೆ ಮಿಲ್ಲು ಬಿಟ್ಟು ಬರಕ್ಕಾಗಲ್ಲ" ಎಂದ ರುದ್ರಪ್ಪ. ಮೊದಲ ಸಲ ಒಬ್ಬರು ಮಂಡಿ ನೋವನ್ನು ಬಾಯಿಬಿಟ್ಟು ಒಪ್ಪಿಕೊಂಡಿದ್ದರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಕಾಲು ನೋಡದೆ ಟೂರು ಗೊತ್ತು ಮಾಡುವುದಿಲ್ಲ ಎಂಬುದು ನನ್ನ ನಿಯಮ. ಕಲ್ಯಾಣದುರ್ಗಕ್ಕೆ ಹೋದೆ. ಹಜಾರದಲ್ಲಿ ನನಗೆ ಕುರ್ಚಿ ಹಾಕಿದರು, ಕಾಫಿ ಕೊಟ್ಟರು. ರುದ್ರಪ್ಪನ ತಾಯಿ ಗೌರಜ್ಜಿಗೆ ಎಂಬತ್ತು ದಾಟಿದೆ. ಹಣೆ ತುಂಬ ವಿಭೂತಿ, ಸೆರಗು ಸೊಂಟಕ್ಕೆ ಬಿಗಿದು ಆಕೆ ಅಂಗಳದಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಂಗಳಕ್ಕೆ ಓಡಾಡುತ್ತಲೇ ಇದ್ದಳು. ಒಂದು ಕ್ಷಣ ಹುಣಸೆಹಣ್ಣು ಬಿಸಿಲಿಗೆ ಹರಡುತ್ತಿದ್ದಳು, ಮರುಕ್ಷಣ ಮಿಲ್ಲಿನ ಆಳನ್ನು ಬೈಯುತ್ತಿದ್ದಳು. ನಾನು ಇದ್ದಷ್ಟು ಹೊತ್ತೂ ಆಕೆ ಕೂತದ್ದು ಕಾಣಲಿಲ್ಲ. ಮಂಗಳಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಮಾತಿಗೊಮ್ಮೆ ಕಾಲು ಬದಲಿಸುತ್ತಿದ್ದಳು. ಪಕ್ಕದಲ್ಲೇ ಇನ್ನೊಂದು ಕುರ್ಚಿ ಖಾಲಿ ಇತ್ತು. ನಾನು ಅವಳ ಮಂಡಿಯ ಊತ ನೋಡಿದೆ, ಹೆಜ್ಜೆ ಹಾಕಿಸಿ ನೋಡಿದೆ, ವ್ಯಾನಿನ ಮೆಟ್ಟಿಲಿನ ಎತ್ತರಕ್ಕೆ ಕಾಲು ಏಳುತ್ತದೆಯೋ ಎಂದು ಒಂದು ಸ್ಟೂಲು ಇಟ್ಟು ಪರೀಕ್ಷಿಸಿದೆ. ಆ ಖಾಲಿ ಕುರ್ಚಿಯನ್ನು ಮಾತ್ರ ನೋಡಲಿಲ್ಲ. ಒಂದು ಗಾಲಿಕುರ್ಚಿ ಸಾಕು, ಅಜ್ಜಿಗೆ ಏನೂ ಬೇಡ ಎಂದು ತೀರ್ಮಾನಿಸಿ ಜಂಬದಿಂದ ಬಸ್ಸು ಹತ್ತಿದೆ.

ಹಡಗಿನಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಮಂಗಳಮ್ಮನಿಗೆ ನೆರವಾಗಲೆಂದು ನಾಗವೇಣಿಯೂ ಬಂದಿದ್ದಳು. ಊಟದ ಮೇಜಿನಲ್ಲಿ ಎಲ್ಲರೂ ಒಟ್ಟಿಗೆ ಕೂತೇ ಉಂಡೆವು. ಅಷ್ಟು ಬಗೆ ತಿಂಡಿಗಳಲ್ಲಿ ಮುದ್ದೆ ಎಲ್ಲಿದೆ ಎಂದು ಗೌರಜ್ಜಿ ಹುಡುಕಿದ್ದೊಂದು ಬಿಟ್ಟರೆ ಶಾಂತಿಯೇ ಶಾಂತಿ. ಉಣ್ಣುವುದು, ಮಲಗುವುದು ಬಿಟ್ಟರೆ ಅಜ್ಜಿ ಹಡಗಿನ ಮೇಲಂತಸ್ತಿನಲ್ಲಿ ಸುತ್ತು ಹೊಡೆಯುತ್ತಿದ್ದಳು. ಮಂಗಳಮ್ಮ ಕಂಬಿ ಹಿಡಿದು ನಿಂತಿರುತ್ತಿದ್ದಳು. ಪಾಪ, ಸಮುದ್ರ ನೋಡಿ ಮೈಮರೆತಿದ್ದಾಳೆ ಎಂದು ನಾನು ಸಂತೋಷಪಟ್ಟೆ.

ಲಂಕೆಯ ತ್ರಿಕೋಣಮಲೆ ಬಂದರಿನಲ್ಲಿ ಹಡಗು ಕಟ್ಟೆಗೇ ಬಂದು ನಿಂತಿತು. ಇಳಿಜಾರು ಸೇತುವೆಯ ಕೆಳಗೆ ನಾನು ಫೋನಿನಲ್ಲಿ ಗೊತ್ತು ಮಾಡಿದ್ದ ಗೈಡ್ ಸೆಲ್ವಂ ಕೈ ಬೀಸುತ್ತಿದ್ದ. ಪಕ್ಕದಲ್ಲಿ ತಗ್ಗು ಮೆಟ್ಟಿಲಿನ ವ್ಯಾನು, ಅದರ ಪಕ್ಕದಲ್ಲಿ ಮಿರಿಮಿರಿ ಮಿಂಚುವ ಗಾಲಿಕುರ್ಚಿ. ಹೇಳಿದ್ದೆಲ್ಲ ಹೇಳಿದ ಹಾಗೇ ಇರುವುದನ್ನು ಈ ಕಸುಬಿನಲ್ಲಿ ನಾನು ಮೊದಲ ಸಲ ಕಂಡೆ. ಗುಡಿಯ ಬಾಗಿಲನ್ನು ಮಧ್ಯಾಹ್ನ ಹಾಕುತ್ತಾರೆ, ಮತ್ತೆ ತೆರೆಯುವ ಹೊತ್ತಿಗೆ ನಮ್ಮ ಹಡಗು ಹೊರಟಿರುತ್ತದೆ, ಹಡಗು ಯಾರಿಗೂ ಕಾಯುವುದಿಲ್ಲ. ಅದಕ್ಕೂ ಸಾಕಷ್ಟು ಸಮಯ ಇಟ್ಟುಕೊಂಡಿದ್ದೆ. "ಬನ್ನಿ ಮಂಗಳಮ್ಮ, ಕೂತ್ಕೊಳ್ಳಿ" ಎಂದು ಗಾಲಿಕುರ್ಚಿಯನ್ನು ಮುಂದಕ್ಕೆ ತಂದೆ.

"ಬ್ಯಾಡ ಕಣಣ್ಣ, ನಾನು ನಡೀತೀನಿ" ಎಂದಳು ಮಂಗಳಮ್ಮ.

ಸಂಕೋಚ ಎಂದುಕೊಂಡೆ. ಬಂದರಿನಲ್ಲಿ ನಡೆಯಲಿ, ಬೆಟ್ಟದ ಹತ್ತಿರ ತಾನಾಗಿಯೇ ಕೂರುತ್ತಾಳೆ ಎಂದು ವ್ಯಾನು ಹತ್ತಿಸಿದೆ. ಹಳೆಯ ಕೋಟೆಯ ಬಾಗಿಲಿನೊಳಗೆ ಹೋಗಿ ವ್ಯಾನು ನಿಂತಿತು. ಮರದ ಕೆಳಗೆ ಜಿಂಕೆಗಳು ನಮ್ಮ ಊರಿನ ಮೇಕೆಗಳ ಹಾಗೆ ನಿಶ್ಚಿಂತೆಯಾಗಿ ಮಲಗಿದ್ದವು. ಮುಂದೆ ಏರುರಸ್ತೆ, ಎರಡೂ ಕಡೆ ಬಳೆ, ಶಂಖ, ಹೂವಿನ ಅಂಗಡಿಗಳು. ಇನ್ನೆಷ್ಟು ದೂರ ಎಂದು ಸೆಲ್ವಂನನ್ನು ಕೇಳಿದೆ. "ಕೊಂಜ ದೂರಂ ದಾನ್ ಸಾರ್" ಎಂದ. ಮತ್ತೆ ಕುರ್ಚಿಯನ್ನು ಮುಂದಕ್ಕೆ ತಂದೆ. ಮಂಗಳಮ್ಮ ಅದರ ಕೈ ಹಿಡಿದುಕೊಂಡಳು, ಕೂರಲಿಲ್ಲ. ಅಂಗಡಿಯ ಕಂಬ ಹಿಡಿದು ಎರಡು ಹೆಜ್ಜೆ, ಉಸಿರು ಬಿಟ್ಟು ಒಂದು ಹೆಜ್ಜೆ. ಮುಂದೆ ಗೌರಜ್ಜಿ ಸೆರಗು ಬಿಗಿದು ದಾಪುಗಾಲು ಹಾಕುತ್ತಿದ್ದಾಳೆ, ನಡುವೆ ಮಂಗಳಮ್ಮ ತೆವಳುತ್ತಿದ್ದಾಳೆ, ಹಿಂದೆ ನಾನು ಖಾಲಿ ಕುರ್ಚಿ ತಳ್ಳುತ್ತಿದ್ದೇನೆ. ದಾರಿಯಲ್ಲಿ ಇಳಿದು ಬರುತ್ತಿದ್ದವರು ಕುರ್ಚಿಯನ್ನೂ ನನ್ನನ್ನೂ ನೋಡಿ, ಇದರಲ್ಲಿದ್ದವರು ಎಲ್ಲಿ ಹೋದರು ಎಂದು ಹಿಂದಕ್ಕೆ ಬಗ್ಗಿ ನೋಡುತ್ತಿದ್ದರು.

ಒಂದು ಬಳೆ ಅಂಗಡಿಯ ಮುಂದೆ ಮಂಗಳಮ್ಮ ನಿಂತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು. "ಆಗಲ್ಲ ಕಣಕ್ಕ" ಎಂದು ನಾಗವೇಣಿಯ ತೋಳು ಹಿಡಿದಳು. ಗುಡಿಯ ಗಂಟೆ ಮೇಲಿಂದ ಕೇಳುತ್ತಿತ್ತು, ಅಷ್ಟು ಹತ್ತಿರ. ನನಗೆ ತಡೆಯಲಾರದ ಸಿಟ್ಟು ಬಂತು. "ಏನಮ್ಮಾ, ಇಲ್ಲಿ ಕುರ್ಚಿ ಇದೆ, ಗಾಲಿ ಇದೆ, ತಳ್ಳೋದಕ್ಕೆ ನಾನೊಬ್ಬ ಕತ್ತೆ ಇದ್ದೀನಿ, ಕೂತ್ಕೊಳ್ಳೋದಕ್ಕೆ ನಿಮಗೇನು ಕಷ್ಟ?" ಎಂದು ಗಂಟಲು ಏರಿಸಿದೆ. ಮಂಗಳಮ್ಮ ತಲೆ ತಗ್ಗಿಸಿದಳು. ನಾಗವೇಣಿ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ರೀ, ಸುಮ್ನಿರಿ. ನೀವು ಬರೀ ಕಾಲು ನೋಡ್ತಿದೀರಿ. ಅವ್ರ ಅತ್ತೆ ನಿಂತವ್ರೆ, ಅದು ಕಾಣಲ್ವಾ?"

ಅತ್ತೆ ನಿಂತರೆ ಏನಂತೆ ಎಂದು ಕೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಕಲ್ಯಾಣದುರ್ಗದ ಹಜಾರದ ಖಾಲಿ ಕುರ್ಚಿ ಕಣ್ಣ ಮುಂದೆ ಬಂತು, ಹಡಗಿನ ಕಂಬಿ ಬಂತು. ನನ್ನ ತಾಯಿಯೂ ನಮ್ಮಜ್ಜಿಯ ಎದುರಿಗೆ ಹೀಗೆಯೇ ಇದ್ದವಳು. ದೊಡ್ಡವರು ನಿಂತಿರುವಾಗ ಸೊಸೆಯಾದವಳು ಕೂರುವುದಿಲ್ಲ. ಹೀಗೆಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಯಾರೂ ಹೇಳಿಯೂ ಕೊಡುವುದಿಲ್ಲ. ಗೌರಜ್ಜಿಯೋ ಹುಟ್ಟಿದಾಗಿನಿಂದ ನಿಂತೇ ಇರುವ ಹೆಂಗಸು. ಸೊಸೆಯ ಮಂಡಿ ಸವೆಯದೆ ಇನ್ನೇನಾಗುತ್ತದೆ? ಮಂಗಳಮ್ಮನಿಗೆ ಗಾಲಿಕುರ್ಚಿ, ತಗ್ಗು ಮೆಟ್ಟಿಲು, ನೆರಳು, ಕಾಲುಚೀಲ, ಎಳನೀರು ಎಲ್ಲವನ್ನೂ ಗೊತ್ತು ಮಾಡಿದ್ದ ನಾನು ಆಕೆಯ ಅತ್ತೆ ಕೂರುವುದಕ್ಕೆ ಏನನ್ನೂ ಗೊತ್ತು ಮಾಡಿರಲಿಲ್ಲ.

ಅಜ್ಜಿಯನ್ನೇ ಗಾಲಿಕುರ್ಚಿಯಲ್ಲಿ ಕೂರಿಸಿ, ಮಂಗಳಮ್ಮನಿಗೆ ಇನ್ನೊಂದು ತರಿಸೋಣ ಎಂದುಕೊಂಡು ಮುಂದೆ ಓಡಿದೆ. "ಅಜ್ಜಿ, ನೀವು ಒಂದು ಗಳಿಗೆ ಇದರಲ್ಲಿ ಕೂತ್ಕೊಂಡರೆ..." ಎನ್ನುವಷ್ಟರಲ್ಲಿ ಗೌರಜ್ಜಿ ಗಕ್ಕನೆ ತಿರುಗಿದಳು.

"ನಾನಾ? ಆ ಗಾಡಿಗಾ? ನಮ್ಮೋರು ಕೂತ್ಕಂಡು ಮೆರವಣಿಗೆ ಹೋಗದು ಒಂದೇ ಸಲ ಕಣಪ್ಪ. ನಂಗಿನ್ನೂ ಟೈಮೈತೆ!"

ಸೆಲ್ವಂ ಏನೆಂದು ಕೇಳಿದ. ಅವರ ಕುಲದಲ್ಲಿ ಸತ್ತವರನ್ನು ಮಲಗಿಸಿ ಹೊರುವುದಿಲ್ಲ, ಕೂರಿಸಿ ಹೊರುತ್ತಾರೆ ಎಂಬುದನ್ನು ನನ್ನ ಹರಕು ತಮಿಳಿನಲ್ಲಿ ಅವನಿಗೆ ಹೇಳುವ ಹೊತ್ತಿಗೆ ನನಗೆ ಬೆವರು ಕಿತ್ತುಕೊಂಡು ಬಂತು. ಅವನಿಗೆ ಎಷ್ಟು ಅರ್ಥವಾಯಿತೋ ಕಾಣೆ, ಕುರ್ಚಿಯಿಂದ ಎರಡು ಹೆಜ್ಜೆ ದೂರ ಸರಿದು ನಿಂತ. ಬೇರೆ ದಾರಿ ಕಾಣದೆ ನಾನು ಅಜ್ಜಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ನೀವು ನಿಂತಿರುವತನಕ ನಿಮ್ಮ ಸೊಸೆ ಕೂರುವುದಿಲ್ಲ, ಕೂರದಿದ್ದರೆ ಗುಡಿ ಮುಟ್ಟುವುದಿಲ್ಲ ಎಂದೆ. ಅಜ್ಜಿ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಇಳಿದು ಬಳೆ ಅಂಗಡಿಯ ಹತ್ತಿರ ಬಂದಳು.

"ಏನೇ ಮಂಗ್ಳಾ, ಕೂತ್ಕಬ್ಯಾಡ ಅಂತ ನಾನು ಯಾವತ್ತಾನಾ ಅಂದಿದೀನೇನೆ?"

"ಇಲ್ಲ ಅತ್ತೆಮ್ಮ."

"ಮತ್ತೆ?"

ಮಂಗಳಮ್ಮ ನೆಲ ನೋಡುತ್ತಾ ಮೆಲ್ಲಗೆ ಹೇಳಿದಳು. "ಕೂತ್ಕ ಅಂತಾನೂ ಅಂದಿಲ್ಲ."

ಅಂಗಡಿಯ ಬಳೆಗಳು ಗಾಳಿಗೆ ಕಿಣಿಕಿಣಿ ಅನ್ನುತ್ತಿದ್ದವು. ಮಿಲ್ಲಿನ ಆಳುಗಳೆಲ್ಲ ಹೆದರುವ ಗೌರಜ್ಜಿ ಸೊಸೆಯ ಮಂಡಿಯನ್ನೇ ನೋಡುತ್ತಾ ನಿಂತಳು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅದನ್ನು ಅವತ್ತೇ ನೋಡಿದಂತಿತ್ತು. "ಅಯ್ಯೋ ಶಿವನೇ" ಎಂದಳು. ಆಮೇಲೆ "ಈಗಂತೀನಿ. ಕೂತ್ಕ" ಎಂದಳು. ಮಂಗಳಮ್ಮ ಗಾಲಿಕುರ್ಚಿಯ ಕೈಗಳನ್ನು ಹಿಡಿದು ಅರ್ಧ ಬಗ್ಗಿದಳು, ಎದುರಿಗೆ ನಿಂತ ಅತ್ತೆಯ ಮುಖ ನೋಡಿದಳು, ಮತ್ತೆ ನೆಟ್ಟಗಾದಳು. "ಮನಸು ಒಪ್ತದೆ ಅತ್ತೆಮ್ಮ, ಮೈ ಒಪ್ಪಲ್ಲ" ಎಂದಳು. ಹೇಳುವಾಗ ಅವಳಿಗೇ ನಗು ಬಂತು, ನಗುತ್ತಲೇ ಕಣ್ಣೂ ಒರೆಸಿಕೊಂಡಳು.

ನನ್ನ ಯೋಜನೆಗಳೆಲ್ಲ ಅಲ್ಲಿಗೆ ಮುಗಿದಿದ್ದವು. ನಾನು ಖಾಲಿ ಕುರ್ಚಿಯ ಮೇಲೆ ನಾನೇ ಕೂತುಬಿಡಲೇ ಎಂದು ಯೋಚಿಸುತ್ತಿದ್ದೆ, ನಿಜ ಹೇಳುತ್ತೇನೆ. ಅಷ್ಟರಲ್ಲಿ ಗೌರಜ್ಜಿ ಬಳೆ ಅಂಗಡಿಯೊಳಗೆ ನುಗ್ಗಿದಳು. ಅಂಗಡಿಯ ಹೆಂಗಸು ಕೂತಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ತೋರಿಸಿ, ಅರ್ಧ ತೆಲುಗು, ಅರ್ಧ ಕನ್ನಡ, ಉಳಿದದ್ದು ಕೈಯಲ್ಲಿ ಏನೋ ಮಾತಾಡಿದಳು. ಆ ಹೆಂಗಸು ನಗುತ್ತಾ ಎದ್ದು ಕುರ್ಚಿ ಕೊಟ್ಟಳು. ಅಜ್ಜಿ ಸೆರಗನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಕುರ್ಚಿಯನ್ನು ಬೋರಲು ಹಾಕಿ ಹೊತ್ತುಕೊಂಡಳು.

"ನಾನು ಮುಂದ್ ಹೋಗಿ ಕೂತ್ಕಂತೀನಿ. ಅವಳನ್ನ ಕೂರಿಸ್ಕಂಡು ನೀನು ಹಿಂದೆ ಬಾರಪ್ಪ."

ಹಾಗೆ ಶುರುವಾಯಿತು ನಮ್ಮ ಯಾತ್ರೆ. ಅಜ್ಜಿ ಕುರ್ಚಿ ಹೊತ್ತು ಮುಂದಿನ ತಿರುವಿನವರೆಗೆ ಹೋಗುವಳು, ದಾರಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸಿಂಹಾಸನದ ಮೇಲೆ ಕೂತ ಹಾಗೆ ಕೂರುವಳು, "ಹೂಂ, ಬರ್ರಿ!" ಎಂದು ಕೂಗುವಳು. ಅತ್ತೆ ಕೂತದ್ದು ಖಾತ್ರಿಯಾದ ಮೇಲೆ ಮಂಗಳಮ್ಮ ಗಾಲಿಕುರ್ಚಿಯಲ್ಲಿ ಕೂರುವಳು. ನಾನು ಏದುಸಿರು ಬಿಡುತ್ತಾ ತಳ್ಳುವೆ. ಅಜ್ಜಿಯ ಹತ್ತಿರ ಮುಟ್ಟಿದ ಕೂಡಲೇ ಅಜ್ಜಿ ಏಳುವಳು, ಮಂಗಳಮ್ಮನೂ ದಡಬಡನೆ ಏಳುವಳು. ಅಜ್ಜಿ ಮತ್ತೆ ಕುರ್ಚಿ ಹೊತ್ತು ಮುಂದಕ್ಕೆ. ಎರಡು ತಿರುವು ಕಳೆಯುವಷ್ಟರಲ್ಲಿ ಅಂಗಡಿಗಳವರೆಲ್ಲ ಹೊರಗೆ ಬಂದು ನಿಂತಿದ್ದರು. ಮುಂದೆ ಅಜ್ಜಿ ಕೂರಲಿಕ್ಕೆ ಜಾಗ ಮಾಡಿ ಹೂವಿನ ಬುಟ್ಟಿ ಸರಿಸುವವರು ಕೆಲವರು, ಫೋಟೋ ತೆಗೆಯುವವರು ಕೆಲವರು. ಕುರ್ಚಿಯ ಅಗತ್ಯವೇ ಇಲ್ಲದ ಒಬ್ಬ ಮುದುಕಿ ತನ್ನ ಸೊಸೆ ಕೂರಲಿ ಎಂದು ತಲೆಯ ಮೇಲೆ ಕುರ್ಚಿ ಹೊತ್ತು ಬೆಟ್ಟ ಹತ್ತುವುದನ್ನು ನೋಡಿದಾಗ ನನಗೂ ಎದೆ ತುಂಬಿ ಬಂದಿತ್ತು. ಆದರೆ ತಳ್ಳುವವನಿಗೆ ಎದೆ ತುಂಬಿದರೆ ಉಸಿರಾಡುವುದು ಕಷ್ಟ, ಹಾಗಾಗಿ ತಡೆದುಕೊಂಡೆ.

ಕೊನೆಯಲ್ಲಿ ಮೆಟ್ಟಿಲಿದ್ದವು. ಇದನ್ನು ಸೆಲ್ವಂ ಹೇಳಿರಲಿಲ್ಲ, ಆದರೆ ನಾನು ನಿರೀಕ್ಷಿಸದೆಯೂ ಇರಲಿಲ್ಲ. ಗಾಲಿಕುರ್ಚಿ ಅಲ್ಲಿಗೆ ನಿಂತಿತು. ಗೌರಜ್ಜಿ ಕೆಂಪು ಕುರ್ಚಿಯನ್ನು ಕೆಳಗಿಟ್ಟು, ಸೊಸೆಯ ಮುಂದೆ ಬೆನ್ನು ಮಾಡಿ ನಿಂತು, "ನನ್ ಹೆಗಲ ಮ್ಯಾಲೆ ಕೈ ಹಾಕ್ಕಳೇ" ಎಂದಳು. ಮಂಗಳಮ್ಮ ಹಿಂಜರಿದಳು. "ಹಾಕ್ಕಳೇ ಅಂದ್ರೆ! ಬಾಗ್ಲು ಹಾಕ್ತಾರೆ" ಎಂದು ಅಜ್ಜಿ ಗದರಿದಳು. ಆ ಗದರಿಕೆ ಅಭ್ಯಾಸವಿದ್ದದ್ದರಿಂದಲೋ ಏನೋ ಮಂಗಳಮ್ಮ ಕೈ ಹಾಕಿದಳು. ಒಂದು ಕಡೆ ನಾಗವೇಣಿ, ಮುಂದೆ ಅತ್ತೆಯ ಹೆಗಲು, ಒಂದೊಂದೇ ಮೆಟ್ಟಿಲು. ಬಾಗಿಲು ಹಾಕಲು ಬಂದಿದ್ದ ಪೂಜಾರಿ ಈ ಮೂವರನ್ನು ಕಂಡು ಮತ್ತೆ ಒಳಗೆ ಹೋಗಿ ಆರತಿ ಹಚ್ಚಿದ. ರಾವಣನ ಈಶ್ವರ ಮಂಗಳಮ್ಮನಿಗೆ ಸಿಕ್ಕಿದ. ಅವಳು ಬಹಳ ಹೊತ್ತು ಕೈ ಮುಗಿದು ನಿಂತಿದ್ದಳು, ಆಮೇಲೆ ಹೊರಗೆ ಬಂದು ಸಮುದ್ರದ ಕಡೆಯ ಕಟ್ಟೆಯ ಮೇಲೆ ಅತ್ತೆಯ ಪಕ್ಕದಲ್ಲಿ ಕೂತಳು. ಅಜ್ಜಿ ಮೊದಲು ಕೂತಿದ್ದಳು ಎಂಬುದನ್ನು ಬೇರೆ ಹೇಳಬೇಕಿಲ್ಲ. ಕೆಳಗೆ ಬೆಟ್ಟದ ಸೀಳಿನೊಳಗೆ ನೀರು ನುಗ್ಗಿ ಬರುತ್ತಿತ್ತು. "ನಮ್ ತಾತ ಹೇಳಿದ್ದು ದಿಟ ಅತ್ತೆಮ್ಮ" ಎಂದಳು ಮಂಗಳಮ್ಮ. "ದಿಟ ಕಣೇ" ಎಂದಳು ಗೌರಜ್ಜಿ.

ಇಳಿಯುವಾಗಲೂ ಅಜ್ಜಿ ಕೆಂಪು ಕುರ್ಚಿ ಹೊತ್ತು ಮುಂದೆ, ನಾವು ಹಿಂದೆ. ಇಳಿಜಾರಿನಲ್ಲಿ ಗಾಲಿಕುರ್ಚಿಯನ್ನು ಹಿಂದುಮುಂದಾಗಿ ಹಿಡಿದು, ಭಾರವನ್ನು ನಾವು ತಡೆದುಕೊಂಡು ಇಳಿಸಬೇಕು. ಈ ವಿಷಯ ನನಗೆ ಚೆನ್ನಾಗಿ ಗೊತ್ತು, ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ನನ್ನ ಸೊಂಟಕ್ಕೆ ಮಾತ್ರ ಗೊತ್ತಿರಲಿಲ್ಲ. ಬಳೆ ಅಂಗಡಿಯ ಹತ್ತಿರ ಬರುವಷ್ಟರಲ್ಲಿ ಎಲ್ಲೋ ಒಳಗೆ ಚಟ್ ಅಂದಿತು. ನಾನು ಯಾರಿಗೂ ಹೇಳಲಿಲ್ಲ. ಕೆಂಪು ಕುರ್ಚಿಯನ್ನು ಅದರ ಒಡತಿಗೆ ಒಪ್ಪಿಸಿ, ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ಹಡಗು ಹತ್ತಿಸಿ, ನನ್ನ ಕೋಣೆಗೆ ಹೋಗಿ ಗೋಡೆ ಹಿಡಿದು ನಿಂತೆ.

ಹಿಂದೂಪುರದ ಡಾಕ್ಟರು ಇನ್ನು ಕೆಲವು ವಾರ ಕುರ್ಚಿಯ ಮೇಲೆ ಕೂರಲೇಕೂಡದು, ನಿಲ್ಲಿ ಇಲ್ಲವೇ ಮಲಗಿ ಎಂದರು. ಆಫೀಸಿನ ಮೆಟ್ಟಿಲು ಹತ್ತುವ ಮಾತಂತೂ ಇಲ್ಲ. ಗಿರಾಕಿಗಳ ಹಾಗೆ ನಾನೂ ಬೀದಿಯಲ್ಲಿ ನಿಂತೇ ವ್ಯವಹಾರ ಮಾಡತೊಡಗಿದೆ. ಹೀಗಿರುವಾಗ ರುದ್ರಪ್ಪನ ಫೋನು. ಮೆಚ್ಚಿ ಮಾತಾಡುತ್ತಾನೆಂದು ನಾನು ಗಂಟಲು ಸರಿಮಾಡಿಕೊಂಡರೆ ಅವನ ದನಿಯ ತುಂಬ ಗಾಬರಿ.

"ಏನ್ ಮಾಡ್ಬುಟ್ಟೆ ಮಲ್ಲಣ್ಣ? ಅಮ್ಮ ಹೋಗೋವಾಗ ಗುಂಡುಕಲ್ಲಿದ್ದಂಗಿದ್ರು. ಈಗ ದಿನಾ ಕುರ್ಚಿ ಹಾಕ್ಕಂಡು ಕೂತ್ಕಂತಾರೆ! ಬೆಳಗ್ಗೆನೂ ಕೂತ್ಕಂತಾರೆ, ಮಧ್ಯಾನ್ವೂ ಕೂತ್ಕಂತಾರೆ. ಡಾಕ್ಟ್ರು ಏನೂ ಇಲ್ಲ ಅಂತಾರೆ. ಸಮುದ್ರದ ಗಾಳಿಗೆ ಏನಾನಾ ಆಯ್ತಾ?"

ಕಾರಣ ಹೇಳೋಣವೆಂದುಕೊಂಡೆ. ಅತ್ತೆ ಸೊಸೆಯರೇ ಹೇಳದ್ದನ್ನು ನಾನೇಕೆ ಹೇಳಲಿ? ಬಂದು ನೋಡುತ್ತೇನೆ ಎಂದು ಬಸ್ಸಿನಲ್ಲಿ ಉದ್ದಕ್ಕೂ ನಿಂತುಕೊಂಡೇ ಕಲ್ಯಾಣದುರ್ಗಕ್ಕೆ ಹೋದೆ. ಸೀಟು ಖಾಲಿ ಇದ್ದರೂ ನಿಂತಿದ್ದ ನನ್ನನ್ನು ಕಂಡಕ್ಟರು ಎರಡು ಸಲ ಅನುಮಾನದಿಂದ ನೋಡಿದ.

ಹಜಾರದಲ್ಲಿ ಎರಡು ಕುರ್ಚಿಗಳು ಅಕ್ಕಪಕ್ಕ. ಒಂದರಲ್ಲಿ ಗೌರಜ್ಜಿ, ಕೂರುವುದು ಅಭ್ಯಾಸವಿಲ್ಲದವರು ಕೂರುವ ಹಾಗೆ ನೆಟ್ಟಗೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಇನ್ನೊಂದರಲ್ಲಿ ಮಂಗಳಮ್ಮ, ಕಾಲು ಚಾಚಿಕೊಂಡು. ಅವಳ ಮುಖ ಎಷ್ಟು ತಿಳಿಯಾಗಿತ್ತೆಂದರೆ ನನ್ನ ಸೊಂಟ ಹೋದದ್ದಕ್ಕೆ ಬೇಸರವಿಲ್ಲ ಅನ್ನಿಸಿತು. ನನ್ನನ್ನು ಕಂಡ ಕೂಡಲೇ ಅಜ್ಜಿ ಎದ್ದಳು, ಮಂಗಳಮ್ಮನೂ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು. ರುದ್ರಪ್ಪ ನನಗೊಂದು ಕುರ್ಚಿ ತಂದು ಹಾಕಿದ.

"ಕೂತ್ಕಳಪ್ಪ" ಎಂದಳು ಅಜ್ಜಿ.

"ಬೇಡಜ್ಜಿ, ನಾನು ನಿಂತಿರ್ತೀನಿ. ನೀವು ಕೂತ್ಕೊಳ್ಳಿ."

"ಮನೆಗೆ ಬಂದೋನು ನೀನು ನಿಂತಿದ್ರೆ ನಾವೆಂಗಪ್ಪ ಕೂತ್ಕಳದು?"

ಯಾರೂ ಅಲುಗಾಡಲಿಲ್ಲ. ರುದ್ರಪ್ಪ ನಿಂತಿದ್ದ, ಅಜ್ಜಿ ನಿಂತಿದ್ದಳು, ಮಂಗಳಮ್ಮ ಮೆಲ್ಲಗೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದಳು. ಆ ಮಂಡಿಯನ್ನು ಕೂರಿಸುವುದಕ್ಕಾಗಿ ನಾವೆಲ್ಲ ಸಮುದ್ರ ದಾಟಿ ಪಟ್ಟ ಪಾಡು ನೆನಪಾಯಿತು. ನಾನು ಮನಸ್ಸಿನಲ್ಲೇ ಡಾಕ್ಟರ ಕ್ಷಮೆ ಕೇಳಿ, ಹಲ್ಲು ಕಚ್ಚಿಕೊಂಡು ಕೂತೆ. ಸೊಂಟದಲ್ಲಿ ಮತ್ತೆ ಚಟ್ ಅಂದಿತು. ಅಜ್ಜಿ ಕೂತಳು, ಮಂಗಳಮ್ಮ ಕೂತು ಕಾಲು ಚಾಚಿದಳು, ಎಲ್ಲರಿಗೂ ಹಾಯೆನಿಸಿತು. ಕಾಫಿ ಬಂತು, ಊಟ ಆಯಿತು, ಎಲೆ ಅಡಿಕೆ ಆಯಿತು. ಕೊನೆಯ ಬಸ್ಸಿನ ಹೊತ್ತಾಯಿತು ಎಂದು ರುದ್ರಪ್ಪ ಎರಡು ಸಲ ಹೇಳಿದ. ನಾನು ಏಳಲಿಲ್ಲ, ಏಳುವುದಕ್ಕೆ ಆಗುತ್ತಿರಲಿಲ್ಲ. ಗೌರಜ್ಜಿ ಬೀಜ ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ಯಾಕಪ್ಪ, ಸೊಂಟ ನೋವಾ?"

"ನಂಗೇನಾಗದೆ ಅಜ್ಜಿ?" ಎಂದೆ. "ಗುಂಡುಕಲ್ಲಿದ್ದಂಗಿದೀನಿ."